ಮೂರು ಸಲ ಹೇಳಿದ್ದು

ವಿಮಾನದ ಧ್ವನಿಮುದ್ರಣದಲ್ಲಿ ತಮ್ಮನ ದನಿ ಗುರುತು ಹಿಡಿಯಲು ಮನೆಯವರೊಬ್ಬರು ಬರಬೇಕೆಂದು ತನಿಖಾ ಕಚೇರಿಯಿಂದ ಫೋನ್ ಬಂತು. ಅಮ್ಮ ತಾನೇ ಹೋಗುತ್ತೇನೆಂದು ಹಟ ಹಿಡಿದಳು. ಅವಳನ್ನು ತಡೆದು ನಾನು ಹೋದೆ.

ಮಳೆಯಲ್ಲಿ ಇಳಿಯುತ್ತಿದ್ದ ವಿಮಾನ ಅರ್ಧ ರನ್‌ವೇ ದಾಟಿದ ಮೇಲೆ ನೆಲ ಮುಟ್ಟಿ, ನಿಲ್ಲಲಾಗದೆ ಬೇಲಿ ಮುರಿದುಕೊಂಡು ಹಳ್ಳಕ್ಕೆ ನುಗ್ಗಿತ್ತು. ಹನ್ನೊಂದು ಜನ ಹೋದರು. ಅವರಲ್ಲಿ ಕ್ಯಾಪ್ಟನ್ನೂ ಒಬ್ಬರು, ಅವರ ಪಕ್ಕದಲ್ಲಿದ್ದ ಸಹಪೈಲಟ್ ನಮ್ಮ ಗುಬ್ಬಿಯೂ ಒಬ್ಬ. ನಮಗೆ ಮುಚ್ಚಿದ ಪೆಟ್ಟಿಗೆ ಕೊಟ್ಟರು, ಮುಖ ನೋಡಲು ಬಿಡಲಿಲ್ಲ. ಪೈಲಟ್‌ಗಳಿಬ್ಬರೂ ಕಣ್ಣು ಮುಚ್ಚಿ ಕೂತಿದ್ದರೇ ಎಂದು ಪತ್ರಿಕೆಗಳು ಬರೆದವು. ಬರೆಯುವವರಿಗೇನು, ಕೈಗೆ ಬಂದದ್ದು ಗೀಚುತ್ತಾರೆ. ಅಮ್ಮನನ್ನು ಮಾತ್ರ ಅದೊಂದೇ ಕೊರೆಯುತ್ತಿತ್ತು. ತಪ್ಪಾಗುತ್ತಿರುವುದು ತನ್ನ ಮಗನಿಗೆ ಕಾಣಲಿಲ್ಲವೇ?

ಕಚೇರಿಯಲ್ಲಿ ಅಧಿಕಾರಿ ಗೊರಗೊರ ಎನ್ನುತ್ತಿದ್ದ ಫ್ಯಾನು ಆರಿಸಿ ನನ್ನ ಕೈಗೆ ಹೆಡ್‌ಫೋನ್ ಕೊಟ್ಟರು. ಗುಬ್ಬಿ ನನ್ನ ಕಿವಿಯಲ್ಲೇ ಮಾತಾಡಿದ.

“ಸಾರ್, ಸ್ವಲ್ಪ ಮುಂದೆ ಬಂದ್ವಿ ಅನ್ಸುತ್ತೆ. ಆಗೋದಾದ್ರೆ ಇನ್ನೊಂದು ಸುತ್ತು ಹೋಗಿ ಬರೋಣ್ವಾ?”

ಮೂರು ಸಲ ಅಂದ. ಮೂರು ಸಲವೂ ಪಕ್ಕದ ಮನೆಯವರನ್ನು ಏಣಿ ಕೇಳುವವನ ಹಾಗೆ, ಅಷ್ಟು ಮೆತ್ತಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಬಿಟ್ಟು ಕಿರುಚಬಾರದಿತ್ತಾ, ಮುಟ್ಠಾಳ?

ಆದರೆ ಹಾಗೆ ಬೆಳೆಸಿದ್ದು ನಾವೇ. ದೊಡ್ಡವರಿಗೆ ಎದುರುತ್ತರ ಕೊಟ್ಟರೆ ಅಮ್ಮ ಸೌಟು ತೋರಿಸುತ್ತಿದ್ದಳು, ನಾನು ಕಿವಿ ಹಿಂಡುತ್ತಿದ್ದೆ. ಹುಡುಗ ಎಷ್ಟು ತಗ್ಗಿ ಮಾತಾಡುತ್ತಾನೆಂದು ಬೀದಿಯಲ್ಲಿ ಯಾರಾದರೂ ಹೊಗಳಿದರೆ ಅಮ್ಮ ವಾರವಿಡೀ ಬೀಗುತ್ತಿದ್ದಳು. ಈಗ ಇದನ್ನು ಯಾವ ಬಾಯಿಂದ ಅವಳಿಗೆ ಹೇಳಲಿ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಸುಳ್ಳು ಹೊಸೆದುಕೊಂಡು ಬಂದೆ.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

“ಅವನಿಗೆ ಗೊತ್ತಾಗಿತ್ತಮ್ಮ,” ಎಂದೆ. “ಮೇಲೆತ್ತಿ, ಮೇಲೆತ್ತಿ ಅಂತ ಕೂಗಿದ. ಕ್ಯಾಪ್ಟನ್‌ಗೆ ಬಾಯಿಗೆ ಬಂದ ಹಾಗೆ ಬೈದ. ಅವರೇ ಕೇಳ್ಲಿಲ್ಲ.”

ಅಮ್ಮ ನನ್ನನ್ನೇ ದಿಟ್ಟಿಸಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತು. ಅದನ್ನು ನೋಡಿ ನನಗೆ ಭಯವಾಯಿತು.

“ಹಾಗಾದ್ರೆ ಅದು ನಮ್ಮ ಗುಬ್ಬಿ ಅಲ್ಲ ಕಣೇ. ಅವನು ದೊಡ್ಡೋರಿಗೆ ಹಾಗೆಲ್ಲ ಮಾತಾಡ್ತಾನಾ? ಅಲ್ಲಿ ಬೇರೆ ಯಾರೋ ಕೂತಿದ್ರು. ನಡಿ, ನಾನೇ ಹೋಗಿ ಹೇಳ್ತೀನಿ.”

ಅವಳಾಗಲೇ ಬೀದಿಗಿಳಿದಿದ್ದಳು. ಕೈ ಹಿಡಿದು ಒಳಗೆ ಕರೆತಂದು ಕೂರಿಸಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅವನದೇ ಮಾತಿನಲ್ಲಿ, ಅವನಷ್ಟೇ ಮೆತ್ತಗೆ. ಮೂರು ಸಲವೂ ಹೇಳಿದೆ.

“ಹೂಂ,” ಎಂದಳು ಅಮ್ಮ. “ಇದು ಅವನೇ.”

ಪೆಟ್ಟಿಗೆ ಬಂದ ದಿನವೂ ಅಳದಿದ್ದವಳು ಈಗ ಅಳತೊಡಗಿದಳು.