ಉಲ್ಕೆಯ ಸದ್ದು ಕೇಳಿಸಿದ ಇಬ್ಬರು

ಆಗಷ್ಟೇ ಕತ್ತಲಾಗಿತ್ತು. ಮಹಡಿಯ ಮೇಲೆ ನಾವು ಮೂವರು ಒಣಗಿದ ಬಟ್ಟೆ ತೆಗೆಯುತ್ತಿದ್ದೆವು: ನಾನು, ನನ್ನ ಗಂಡ, ಕೆಲವು ದಿನ ಇದ್ದು ಹೋಗಲು ಬಂದಿದ್ದ ತಂಗಿ. ಇದ್ದಕ್ಕಿದ್ದಂತೆ ನೆತ್ತಿಯ ಮೇಲೆ ಉಲ್ಕೆಯೊಂದು ಹಾದುಹೋಯಿತು. ಸಣ್ಣದಲ್ಲ, ನಮ್ಮ ನೆರಳು ನೆಲದ ಮೇಲೆ ಸರಿದಾಡುವಷ್ಟು ದೊಡ್ಡದು.

"ಸುಯ್ ಅಂತು! ಕೇಳಿಸ್ತಾ?" ತಂಗಿ ಎರಡೂ ಕಿವಿ ಮುಟ್ಟಿಕೊಂಡಳು.

"ಹೂಂ, ಕೇಳಿಸ್ತು," ಎಂದರು ನನ್ನವರು.

ನನಗೆ ಕೇಳಿಸಿರಲಿಲ್ಲ.

ಕಿವಿಯೇ ನನ್ನ ಕಸುಬು. ಆಸ್ಪತ್ರೆಯಲ್ಲಿ ಜನರಿಗೆ ಎಷ್ಟು ಕೇಳಿಸುತ್ತದೆಂದು ಪರೀಕ್ಷೆ ಮಾಡುತ್ತೇನೆ. ಅಷ್ಟು ಎತ್ತರದಿಂದ ಸದ್ದು ನೆಲ ಮುಟ್ಟಲು ನಿಮಿಷಗಳೇ ಬೇಕು, ಬೆಳಕಿನ ಜೊತೆಗೇ ಹೇಗೆ ಕೇಳಿಸುತ್ತದೆ ಎಂದೆ. ತಂಗಿ ಫೋನಿನಲ್ಲಿ ಹುಡುಕಿ ಓದಿದಳು. ಹಾಗೆ ಕೇಳಿಸಿತೆಂದವರು ಹಿಂದಿನಿಂದಲೂ ಇದ್ದಾರಂತೆ. ಉಲ್ಕೆಯ ಬೆಳಕು ಮಿನುಗುವಾಗ ಕಿವಿಯ ಪಕ್ಕದ ಹಗುರ ಕೂದಲು ಬಿಸಿಯಾಗಿ, ತಣ್ಣಗಾಗಿ, ಸಣ್ಣ ಸದ್ದು ಮಾಡಬಹುದೆಂದು ಕೆಲವು ವಿಜ್ಞಾನಿಗಳ ಊಹೆ.

"ಅದಕ್ಕೇ ಗುಂಗುರಿಗೆ ಕೇಳಿಸಿದ್ದು," ಎಂದು ನನ್ನವರು ನಕ್ಕರು. ಗುಂಗುರು ಅವರು ಅವಳಿಗಿಟ್ಟ ಹೆಸರು. ಅವಳ ಕೂದಲು ಯಾವ ಬಾಚಣಿಗೆಗೂ ಬಗ್ಗದು. ನನಗೆ ಇಷ್ಟು ವರ್ಷದಲ್ಲಿ ಒಂದು ಅಡ್ಡಹೆಸರೂ ಇಟ್ಟಿಲ್ಲ.

"ನಿಮಗೆ ಹೇಗೆ ಕೇಳಿಸ್ತು ಭಾವ? ನಿಮ್ಮ ತಲೇಲಿ ಕೂದಲೆಲ್ಲಿದೆ?"

"ಕಿವಿಯೊಳಗೆ ಬೇಕಾದಷ್ಟಿದೆ, ನೋಡ್ತೀಯಾ?"

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಬಟ್ಟೆ ಮಡಿಸಿದೆ.

ಮುಂದೆ ಅವಳಿದ್ದಷ್ಟು ದಿನವೂ ಅದೇ. ಊಟದ ನಡುವೆ ಒಬ್ಬರು ಮೆಲ್ಲಗೆ "ಸುಯ್" ಅನ್ನುವುದು, ಇನ್ನೊಬ್ಬರು ಚಾವಣಿ ನೋಡುವುದು. "ಅಕ್ಕಂಗೆ ಕೇಳಿಸಲ್ಲ ಬಿಡಿ ಭಾವ" ಅನ್ನುವುದು. ಬಾಯಿಬಿಟ್ಟು ಆಡುವಂಥ ತಪ್ಪೇನೂ ನಡೆದಿರಲಿಲ್ಲ, ಹೊಟ್ಟೆ ಮಾತ್ರ ಉರಿಯುತ್ತಿತ್ತು. ನಿಜವಾಗಿ ಕೇಳಿಸಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಕೇಳಿಸದೆಯೇ, ಅವಳು ಅಂದಳೆಂದು ಹೂಂಗುಟ್ಟಿದ್ದರೆ? ಅದು ನನಗೆ ತಿಳಿಯಲೇಬೇಕಿತ್ತು.

ತಂಗಿ ಹೊರಟುಹೋದ ಮೇಲೆ ಅವರನ್ನು ಆಸ್ಪತ್ರೆಗೆ ಕರೆಸಿದೆ. "ಸುಯ್ ಅನ್ನೋದು ಕಿವಿಯ ತೊಂದರೆಯೂ ಇರಬಹುದು ರೀ. ಒಂದ್ಸಲ ನೋಡಿಬಿಡೋಣ."

"ಅನುಮಾನಕ್ಕೂ ಒಂದು ಮೆಷಿನ್ ಇಟ್ಕೊಂಡಿದ್ದೀಯಲ್ಲೇ," ಎನ್ನುತ್ತಲೇ ಬಂದರು.

ಹೊರಗಿನ ಸದ್ದು ನುಗ್ಗದ ಪುಟ್ಟ ಕೋಣೆ, ನಡುವೆ ಗಾಜು. ಒಳಗೆ ಕೂತವರು ಹೆಡ್‌ಫೋನ್ ಹಾಕಿಕೊಂಡು, ಸದ್ದು ಕೇಳಿಸಿದಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಅವರ ಕುರ್ಚಿಯನ್ನು ಯಾವಾಗಲೂ ಪಕ್ಕಕ್ಕೆ ತಿರುಗಿಸಿಡುತ್ತೇವೆ. ನಮ್ಮ ಮುಖ ಕಂಡರೆ ಅವರಿಗೆ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಅವತ್ತು ನಾನು ತಿರುಗಿಸಲಿಲ್ಲ.

ಸದ್ದು ಕಳಿಸಿದೆ, ಒತ್ತಿದರು. ಇನ್ನೂ ಸಣ್ಣ ಸದ್ದು, ಒತ್ತಿದರು. ಆಮೇಲೆ ಏನೂ ಕಳಿಸದೆ ಹುಬ್ಬನ್ನು ಮಾತ್ರ ತುಸು ಏರಿಸಿದೆ.

ಒತ್ತಿದರು.

ಮೈಕಿನಲ್ಲಿ ಕೇಳಿದೆ. "ಈಗೇನು ಕೇಳಿಸ್ತು?"

"ಸಣ್ಣಗೆ ಏನೋ."

"ನಾನೇನೂ ಕಳಿಸಲೇ ಇಲ್ಲ."

ಅವರು ಪೆಚ್ಚಾಗಿ ನಕ್ಕರು. "ನಿನ್ನ ಮುಖ ನೋಡಿ, ಬಂದಿರಬೇಕು ಅನ್ಕೊಂಡೆ. ನಿಜವಾಗ್ಲೂ ಕೇಳಿಸಿದ ಹಾಗೇ ಆಯ್ತು ಕಣೇ."

ಅದು ಸುಳ್ಳಲ್ಲ. ಎಷ್ಟೋ ಜನಕ್ಕೆ ಹಾಗಾಗುವುದನ್ನು ಕಂಡಿದ್ದೇನೆ. ಮಹಡಿಯ ಮೇಲೂ ಅವರು ಸುಳ್ಳು ಹೇಳಿರಲಿಕ್ಕಿಲ್ಲ, ಅವಳ ಮುಖ ನೋಡಿ ಹೀಗೇ ಕೇಳಿಸಿರಬೇಕು. ಸುಳ್ಳಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

"ರೀ, ಆ ಉಲ್ಕೆ ಕೊನೇಲಿ ಏನಾಯ್ತು, ನೆನಪಿದೆಯಾ?"

ಅದು ಎರಡಾಗಿ ಒಡೆದಿತ್ತು. ಎರಡು ಚೂರೂ ಜೊತೆಜೊತೆಗೆ ಓಡಿ, ಒಂದು ಮೊದಲು ಆರಿತ್ತು. ತಲೆಯೆತ್ತಿ ನೋಡಿದ ಯಾರೂ ಮರೆಯುವಂಥದ್ದಲ್ಲ.

"ಕೊನೇಲಿ... ಹಾಗೇ ಆರಿಹೋಯ್ತು. ಅಲ್ವಾ?"

ಹಾಗೆಂದು, ಗಾಜಿನಾಚೆಯಿಂದ ನನ್ನ ಮುಖವನ್ನೇ ನೋಡುತ್ತ ಕಾದರು. ನಾನು ರೆಪ್ಪೆಯನ್ನೂ ಅಲುಗಿಸಲಿಲ್ಲ.