ಎಡಮೂಲೆಯ ಕುಡುಗೋಲು

ಮತ್ತೆ ಅದೇ, ಕಿಟಕಿಯ ಸರಳಿನ ಮೇಲೆ, ಈಗ ಗೋಡೆ ಗಡಿಯಾರದ ಏಳರ ಹತ್ತಿರ, ಈಗ ಲೋಟದ ಅಂಚಿನಲ್ಲಿ, ಪುಟ್ಟ ಕುಡುಗೋಲು, ಬಾಗಿದ ಅಲಗು, ಕೆಳಗೊಂದು ಮೊಂಡು ಹಿಡಿ — ಎಡಗಣ್ಣು ಮುಚ್ಚಿದರೆ ಬರುತ್ತದೆ, ಬಲಗಣ್ಣು ಮುಚ್ಚಿದರೆ ಹೋಗುತ್ತದೆ, ಬೆಳಗಿನಿಂದ ಇದೇ ಆಟ, ಮ್ಯೂಸಿಯಮ್ಮಿನ ಬಾಗಿಲ ಕಾವಲುಗಾರ ಯಾಕಕ್ಕಾ ನಂಗೆ ಕಣ್ಣು ಹೊಡೀತಿದೀರಾ ಅಂದ, ನಗು ಬರಲಿಲ್ಲ, ಹನ್ನೊಂದಕ್ಕೆ ಮೇಷ್ಟ್ರು ಬರುತ್ತಾರೆ, ಇನ್ನು ಹತ್ತು ನಿಮಿಷ, ತಮ್ಮ ಪುಸ್ತಕದ ಕೊನೆಯ ಕರಡು ಹಿಡಿದು ಬರುತ್ತಾರೆ, ಅದರಲ್ಲಿ ನಾನು ಬರೆದ ಇಪ್ಪತ್ತಮೂರು ಹಳೆಯ ಕಂಚಿನ ಮುದ್ರೆಗಳ ಚಿತ್ರ, ಇಪ್ಪತ್ತಮೂರರಲ್ಲೂ ಎಡಮೂಲೆಯಲ್ಲಿ ಕುಡುಗೋಲು, ನಾಳೆ ಅಚ್ಚಿಗೆ. ನಿನ್ನೆ ಕಣ್ಣಿನ ಡಾಕ್ಟರು ಚೌಕುಳಿ ಗೆರೆಯ ಹಾಳೆ ಕೊಟ್ಟು, ಒಂದು ಕಣ್ಣು ಮುಚ್ಕೊಂಡು ನಡುವಿನ ಚುಕ್ಕೆ ನೋಡ್ತಾ ಇರಿ, ಗೆರೆ ಎಲ್ಲಿ ಅಳಿಸಿಹೋದ ಹಾಗೆ ಕಾಣುತ್ತೋ ಅಲ್ಲಿ ಗುರುತು ಮಾಡಿ ಅಂದರು, ಮಾಡಿದೆ, ಕೈ ತಡವರಿಸಲಿಲ್ಲ, ಒಂದೆಳೆತಕ್ಕೆ ಅಲಗು, ಇನ್ನೊಂದೆಳೆತಕ್ಕೆ ಹಿಡಿ, ಎಷ್ಟು ಚೆನ್ನಾಗಿ ಬರೀತೀರಿ ಅಂದರು ಪುಣ್ಯಾತ್ಗಿತ್ತಿ, ಬರೆಯದೆ ಏನು, ಇಪ್ಪತ್ತಮೂರು ಸಲ ಬರೆದು ಪಳಗಿದ ಕೈ, ಆಮೇಲೆ ನನ್ನದೇ ಗೆರೆ ನೋಡಿದೆ, ಅದೇ ಕುಡುಗೋಲು. ಬಲಗಣ್ಣಿನ ಹಿಂಪರದೆಯ ಮೇಲೆ ಹಳೆಯ ಕಲೆ, ಎರಡು ಮೂರು ವರ್ಷದ್ದಿರಬೇಕು, ಎರಡೂ ಕಣ್ಣು ತೆರೆದಿದ್ದರೆ ಗೊತ್ತಾಗೋದಿಲ್ಲ, ಒಂದರ ತಪ್ಪನ್ನ ಇನ್ನೊಂದು ಮುಚ್ಚಿಹಾಕುತ್ತೆ, ಗಂಡ ಹೆಂಡತಿ ಇದ್ದ ಹಾಗೆ, ಅಂತ ಅವರೇ ನಕ್ಕರು. ನನಗೆಲ್ಲಿ ಎರಡು ಕಣ್ಣು, ಹದಿನೆಂಟು ವರ್ಷದಿಂದ ಎಡಗಣ್ಣು ಮುಚ್ಚಿ, ಗಡಿಯಾರ ರಿಪೇರಿಯವರ ಹಾಗೆ ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಹೊಟ್ಟೆ ಹೊರೆದವಳು.

ಟ್ರೇಯಲ್ಲಿ ಮಲಗಿವೆ ನೋಡು ಮುದ್ರೆಗಳು, ಏನೂ ಅರಿಯದವರ ಹಾಗೆ, ಹೆಬ್ಬೆಟ್ಟಿನಗಲದ ಕಂಚು, ಬೆನ್ನಿಗೊಂದು ಕುಣಿಕೆ, ಮುಖದಲ್ಲಿ ಹಕ್ಕಿ, ಹಾವು, ಚೇಳು, ಎಂಟೆಸಳಿನ ಹೂ, ಮೆಟ್ಟಿಲು ಮೆಟ್ಟಿಲಾದ ಅಂಚು, ಸಂದುಗಳಲ್ಲೆಲ್ಲ ಹಸಿರು ಕಿಲುಬು — ಸಾವಿರಾರು ವರ್ಷಗಳ ಹಿಂದೆ ಯಾರೋ ಗಡಿಗೆಯ ಬಾಯಿಗೆ ಮಣ್ಣು ಮೆತ್ತಿ ಇದನ್ನೊತ್ತಿ, ಇದು ನಮ್ಮನೇದು, ಮುಟ್ಟಬೇಡಿ ಅಂದಿದ್ದರು, ಹಾಗಂತ ಮೇಷ್ಟ್ರು ನಲವತ್ತು ವರ್ಷ ಹೇಳುತ್ತಲೇ ಬಂದರು, ಉಳಿದ ಪಂಡಿತರು ಅವು ಮುದ್ರೆಯೂ ಅಲ್ಲ ಮಣ್ಣೂ ಅಲ್ಲ, ಬಟ್ಟೆಯ ಗುಂಡಿ ಅಂದರು, ಇವರಿಗೆ ಗುಂಡಿ ಮೇಷ್ಟ್ರು ಅಂತ ಹೆಸರಿಟ್ಟರು, ಸಭೆಯಲ್ಲಿ ಒಬ್ಬ ತನ್ನ ಅಂಗಿಯ ಗುಂಡಿ ಹಿಡಿದು ಇದರ ಮನೆತನ ಯಾವುದು ಸಾರ್ ಅಂತ ಕೇಳಿದ್ದ, ಎಲ್ಲರೂ ನಕ್ಕರು, ಹಿಂದಿನ ಸಾಲಿನಲ್ಲಿ ಕೂತು ನಾನು ಅತ್ತೆ. ಅದಾದ ಎಷ್ಟೋ ವರ್ಷಕ್ಕೆ, ಈಗ್ಗೆ ಮೂರು ವರ್ಷದ ಹಿಂದೆ, ಹಾವಿನ ಮುದ್ರೆ ಬರೆಯುವಾಗ, ಮೇಷ್ಟ್ರೆ ಇಲ್ಲೊಂದು ಗೀರು ಇದೆಯೋ ಇಲ್ವೋ ತಿಳೀತಿಲ್ಲ ಅಂದೆ, ಅವರ ಕಣ್ಣಿಗೆ ಆಗಲೇ ಪೊರೆ, ಕಂಡದ್ದನ್ನ ಬರಿ ಮಗಳೇ, ಅದು ಏನು ಅನ್ನೋದು ನನ್ನ ಪಾಡು ಅಂದರು, ಬರೆದೆ, ಆಮೇಲೆ ಹಕ್ಕಿಯ ಮುದ್ರೆಯಲ್ಲೂ ಕಂಡಿತು, ಚೇಳಿನದರಲ್ಲೂ, ಫೋಟೋದಲ್ಲಿ ಬರುತ್ತಿರಲಿಲ್ಲ, ಕಿಲುಬು ಮುಚ್ಚಿದೆ ಅಂದುಕೊಂಡೆವು, ಫೋಟೋಗೆ ಕಾಣದ್ದು ನಿನ್ನ ಕಣ್ಣಿಗೆ ಕಂಡಿತಲ್ಲ ಅಂತ ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಒಂದೇ ಮನೆತನ, ಏಳು ತಲೆಮಾರು, ಹಕ್ಕಿ ಹಾವು ಬದಲಾದರೂ ಕುಡುಗೋಲು ಬದಲಾಗಲಿಲ್ಲ, ಇದೇ ಪುಸ್ತಕದ ಕೊನೆಯ ಅಧ್ಯಾಯ, ಇದೇ ಅವರ ಜೀವಮಾನದ ಉತ್ತರ. ದಡ್ಡಿ, ಶುದ್ಧ ದಡ್ಡಿ ನಾನು, ಮುದ್ರೆಯಲ್ಲಿ ಬಲಕ್ಕೆ ನೋಡುವ ಹಕ್ಕಿ ಮಣ್ಣಿಗೊತ್ತಿದರೆ ಎಡಕ್ಕೆ ನೋಡುತ್ತದೆ, ಈ ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಯುವ ಪಾಠ, ಎಡಬಲ ಅದಲುಬದಲಾಗಬೇಕು, ಇವತ್ತು ಬೆಳಿಗ್ಗೆ ಒತ್ತಿ ನೋಡಿದೆ, ಹಕ್ಕಿ ತಿರುಗಿತು, ಕುಡುಗೋಲು ತಿರುಗಲಿಲ್ಲ, ಕಂಚಿನಲ್ಲೂ ಎಡಗಡೆ, ಮಣ್ಣಿನಲ್ಲೂ ಎಡಗಡೆ, ಒಂದೇ ಒಂದು ಸಲ, ಈ ಮೂರು ವರ್ಷದಲ್ಲಿ ಒಂದೇ ಒಂದು ಸಲ ಒತ್ತಿದ್ದನ್ನು ಮಸೂರದಲ್ಲಿ ನೋಡಿದ್ದರೆ.

ಹೇಳದಿದ್ದರೆ ಏನಾಗುತ್ತೆ, ಅವರು ನೆಮ್ಮದಿಯಾಗಿ ಕಣ್ಣು ಮುಚ್ಚಲಿ, ಆದರೆ ಅಚ್ಚಾದ ಮರುದಿನವೇ ಆ ಅಂಗಿ ಗುಂಡಿಯವನು ಮಸೂರ ಹಿಡಿದು ಬರುತ್ತಾನೆ, ಹೇಳಿದರೆ — ಮೆಟ್ಟಿಲ ಮೇಲೆ ಕೋಲಿನ ಸದ್ದು, ಬಂದರು, ಬಂದೇಬಿಟ್ಟರು, ಹೊಸ ಅಂಗಿ, ಕರಡನ್ನು ಮಗುವಿನ ಹಾಗೆ ಎದೆಗವಚಿಕೊಂಡು, ರಕ್ಷಾಪುಟಕ್ಕೆ ಒಂದು ಒತ್ತು ಬೇಕು ಮಗಳೇ, ಹಕ್ಕೀದು ಒತ್ತು ಅಂತ ಕೂರುತ್ತಾರೆ, ಜೇಡಿಮಣ್ಣು ನಾದಿ ಒತ್ತುತ್ತೇನೆ, ಕುಣಿಕೆ ಹಿಡಿದು ಎತ್ತುತ್ತೇನೆ, ಕುಡುಗೋಲೆಲ್ಲಿ, ನನ್ನ ಬೆರಳು ಹಿಡಿದು ಅದರ ಮೇಲಿಡು ಅನ್ನುತ್ತಾರೆ, ಆ ಬೆರಳು ಹಿಡಿದಿದ್ದೇನೆ, ಒಣಗಿದ ಕಡ್ಡಿಯ ಹಾಗಿದೆ, ಎಲ್ಲಿಡಲಿ, ಮೇಷ್ಟ್ರೆ ಅದು ಮುದ್ರೇಲಿಲ್ಲ, ನನ್ನ ಕಣ್ಣಲ್ಲಿದೆ, ಹೇಳಿಬಿಟ್ಟೆ, ಡಾಕ್ಟರ ಹಾಳೆಯನ್ನು ಅವರ ಮುಂದಿಟ್ಟೆ, ತುಂಬ ಹೊತ್ತು ಮೂಗಿಗೆ ಹಿಡಿದು ನೋಡಿದರು. ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇನ್ನೊಂದ್ಸಲ ಒತ್ತು ಅಂದರು. ಒತ್ತಿದೆ. ಮೂಲೆಯಲ್ಲಿ ಬೆರಳಾಡಿಸಿದರು, ನುಣ್ಣಗಿತ್ತು. ಇನ್ನೊಂದ್ಸಲ. ಒತ್ತಿದೆ, ಐದಾಯಿತು, ಒಂಬತ್ತಾಯಿತು, ಮೇಜಿನ ತುಂಬ ಹಕ್ಕಿ, ಮೆಲ್ಲಗೆ ಒತ್ತಿರ್ತೀಯ ಮಗಳೇ, ಜೋರಾಗಿ ಒತ್ತು ಅನ್ನುತ್ತಾರೆ, ಅವರೇ ಹೆಬ್ಬೆರಳನ್ನು ಆ ಖಾಲಿ ಮೂಲೆಗೆ ಊರುತ್ತಾರೆ, ಊರಿ ಊರಿ ಮಣ್ಣು ಕುಳಿಬಿದ್ದಿದೆ, ಕೈ ತೆಗೆಯುತ್ತಾರೆ, ಇದೆಯಾ ಅಂತ ನನ್ನ ಮುಖ ನೋಡುತ್ತಾರೆ, ಎಡಗಣ್ಣು ಮುಚ್ಚುತ್ತೇನೆ, ಆ ಕುಳಿಯ ಮೇಲೆ, ಕುಡುಗೋಲು, ತಲೆಯೆತ್ತುತ್ತೇನೆ, ಅವರ ಬಾಯಿಯ ಎಡಕ್ಕೆ, ಕುಡುಗೋಲು.