ಚಕ್ರದ ಮೇಲಿನ ಬಿಳಿ ಗೆರೆ

ಶಾಲೆಯ ತಳ್ಳುಗಾಡಿಯ ಚಕ್ರ ಮುರಿದು ಕೂತದ್ದು ಸರಿಯಾಗಿ ತಪಾಸಣೆಯ ಹಿಂದಿನ ದಿನ. ಅದಕ್ಕೂ ಬೇರೆ ಮುಹೂರ್ತ ಸಿಗಲಿಲ್ಲ ನೋಡಿ! ಏಳನೇ ತರಗತಿಗೆ ಬಲ ಮತ್ತು ಚಲನೆಯ ಪಾಠ. ತಳ್ಳಿದ್ದು ಯಾಕೆ ಓಡುತ್ತದೆ, ಓಡಿದ್ದು ಯಾಕೆ ನಿಲ್ಲುತ್ತದೆ ಎಂದು ಬರೀ ಬಾಯಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ, ಅಧಿಕಾರಿ ಮೂಗು ಮುರಿಯುತ್ತಾರೆ. ವಿಜ್ಞಾನದ ಟೀಚರ್ ಮನೆಗೆ ಬಂದವಳೇ ತಲೆಯ ಮೇಲೆ ಕೈ ಹೊತ್ತು ಕೂತಳು. ಆಗ ಕಣ್ಣಿಗೆ ಬಿದ್ದದ್ದು ಮಾವನ ಗಾಲಿಕುರ್ಚಿ.

ಮಾವ ಆಯುಷ್ಯವೆಲ್ಲ ಬಸ್ಸು ಓಡಿಸಿದವರು. ಕಾಲುಗಳು ಸ್ವಾಧೀನ ತಪ್ಪಿದ ಮೇಲೆ ಆ ಕುರ್ಚಿಯೇ ಅವರ ಬಸ್ಸು.

"ಮಾವಾ, ನಾಳೆ ಬೆಳಗ್ಗೆ ನಿಮ್ಮ ಕುರ್ಚಿ ಕೊಡ್ತೀರಾ? ಮಕ್ಕಳಿಗೆ ಪಾಠ ಮಾಡೋಕೆ."

"ತಗೊಂಡ್ಹೋಗಮ್ಮ. ನಾನಂತೂ ರಿಟೈರ್ ಆದೆ, ನನ್ನ ಗಾಡಿಯಾದ್ರೂ ಡ್ಯೂಟಿ ಮಾಡ್ಲಿ. ಆದ್ರೆ ಊಟದ ಹೊತ್ತಿಗೆ ವಾಪಸ್ ತಂದ್ಬಿಡು. ಅಕ್ಕ ಬರ್ತಾಳಲ್ಲ."

ಅಕ್ಕ ಎಂದರೆ ತಾಯಿಯಿಲ್ಲದ ಅವರನ್ನು ಎತ್ತಿ ಬೆಳೆಸಿದವಳು. ಕಾಯಿಲೆ ಉಲ್ಬಣಿಸಿ ಬೇರೆ ಊರಿನ ದೊಡ್ಡಾಸ್ಪತ್ರೆಗೆ ಮರುದಿನ ಆಂಬುಲೆನ್ಸಿನಲ್ಲಿ ಹೊರಡುವವಳಿದ್ದಳು. ಈ ಗಲ್ಲಿಯೊಳಗೆ ಅದು ನುಗ್ಗದು. ಊಟದ ಹೊತ್ತು ದಾಟಿದ ಮೇಲೆ ತಿರುವಿನಲ್ಲಿ ಸ್ವಲ್ಪ ನಿಲ್ಲಿಸುತ್ತೇವೆ, ಮಾಮನನ್ನು ಕರೆತನ್ನಿ ಎಂದು ಅಕ್ಕನ ಮಗಳು ಫೋನು ಮಾಡಿದ್ದಳು.

ಪಾಠವೇನೋ ಭರ್ಜರಿಯಾಯಿತು. ಚಕ್ರ ಎಷ್ಟು ಸುತ್ತು ಉರುಳಿತೆಂದು ಎಣಿಸಲು ಟೀಚರ್ ಟಯರಿನ ಬದಿಗೆ ಸೀಮೆಸುಣ್ಣದಿಂದ ದಪ್ಪನೆಯ ಗೆರೆ ಎಳೆದಳು. ಮೊದಲು 'ಕಡ್ಡಿ' ಎಂದು ಕರೆಸಿಕೊಳ್ಳುವ ಹುಡುಗಿಯನ್ನು ಕೂರಿಸಿ ತಳ್ಳಿದರು. ಕುರ್ಚಿ ಸರ್ರನೆ ಗೋಡೆಯವರೆಗೆ ಹೋಯಿತು. ಅಷ್ಟೇ ಜೋರಾಗಿ 'ಡ್ರಮ್ಮು' ಹುಡುಗನನ್ನು ತಳ್ಳಿದರೆ ಅರ್ಧಕ್ಕೇ ಸುಸ್ತು. ನೆಲಕ್ಕೆ ಗೋಣಿಚೀಲ ಹಾಸಿದಾಗಂತೂ ಅಲ್ಲಾಡಲೇ ಇಲ್ಲ. "ಟೀಚರ್, ಗೋಣಿ ಬ್ರೇಕ್ ಹಾಕ್ತು!" ಎಂದು ಯಾರೋ ಕೂಗಿದರು. ಬಿಗುಮುಖದ ಅಧಿಕಾರಿ ಕೂಡ ಹಲ್ಲು ಬಿಟ್ಟರು.

"ಪಕ್ಕದ ಸೆಕ್ಷನ್ನಿಗೂ ಮಾಡಿ ತೋರಿಸಿಬಿಡಿ ಮೇಡಂ, ಸಾಹೇಬ್ರು ಇನ್ನೂ ಇರ್ತಾರೆ," ಎಂದರು ಹೆಡ್‌ಮಾಸ್ಟರು.

ಊಟದ ಗಂಟೆ ಆಗಲೇ ಬಾರಿಸಿತ್ತು. ಇಲ್ಲ ಸಾರ್, ಮನೆಗೆ ಹೋಗಬೇಕು ಎಂದು ಒಂದು ಮಾತು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ವರ್ಷಗಟ್ಟಲೆ ಯಾರೂ ಅವಳ ಪಾಠವನ್ನು ಹೊಗಳಿರಲಿಲ್ಲ. ಒಂದರ್ಧ ಗಂಟೆಗೆ ಏನಾದೀತು ಎಂದುಕೊಂಡಳು. ಫೋನು ತಪಾಸಣೆಯ ಭಯಕ್ಕೆ ಬಾಯಿ ಮುಚ್ಚಿಕೊಂಡು ಚೀಲದ ತಳದಲ್ಲಿತ್ತು.

ಕುರ್ಚಿ ತಳ್ಳಿಕೊಂಡು ಏದುಸಿರು ಬಿಡುತ್ತ ಬಂದಾಗ ತಿರುವು ಖಾಲಿ ಇತ್ತು. ಮನೆಯೊಳಗೆ ಅತ್ತೆ ಸೊಂಟ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದರು.

"ಫೋನ್ ಮಾಡಿ ಮಾಡಿ ಸಾಕಾಯ್ತಲ್ಲೇ! ಅಕ್ಕನ ಮಗಳೂ ಓಡಿ ಬಂದ್ಲು, ಇಬ್ರೂ ಸೇರಿ ಎತ್ತೋಕೆ ನೋಡಿದ್ವಿ, ಆಗ್ಲೇ ಇಲ್ಲ. ಅಲ್ಲಿ ಅವರು ಹಾರ್ನ್ ಮೇಲೆ ಹಾರ್ನ್. ಎಷ್ಟು ಹೊತ್ತು ಅಂತ ಕಾಯ್ತಾರೆ?"

ಮಾವ ಮಂಚದ ಅಂಚಿನಲ್ಲಿದ್ದರು. ಒಗೆದ ಅಂಗಿ, ನೀರು ಹಚ್ಚಿ ಬಾಚಿದ ತಲೆ. ಅವರು ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ಪಾಠ ಚೆನ್ನಾಗಾಯ್ತಾ ಅಮ್ಮ?" ಎಂದರು.

ನಾಚಿಕೆಯಿಂದ ಅವಳ ಮೈಯೆಲ್ಲ ಹಿಡಿಯಾಯಿತು.

ವಾರ ಕಳೆಯುವುದರೊಳಗೆ ಆಸ್ಪತ್ರೆಯಿಂದ ಸುದ್ದಿ ಬಂತು. ಅಕ್ಕ ಹೋಗಿಬಿಟ್ಟಳು. ಮಾವ ಅಳಲಿಲ್ಲ. ಸಂಜೆಯ ಹೊತ್ತಿಗೆ ಸೊಸೆಯನ್ನು ಕರೆದು, "ಅವತ್ತು ಅಕ್ಕನ ಗಾಡಿ ನಿಂತಿತ್ತಂತಲ್ಲ, ಅಲ್ಲಿಗೆ ಕರ್ಕೊಂಡ್ಹೋಗ್ತೀಯಾ?" ಎಂದು ಕೇಳಿದರು.

ಅವಳು ತಳ್ಳಿದಳು. ಟಯರಿನ ಮೇಲೆ ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ. ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು. ಬೇಡಬೇಡವೆಂದರೂ ಅವಳ ಮನಸ್ಸು ಸುತ್ತು ಎಣಿಸುತ್ತಿತ್ತು. ಎಣಿಕೆ ಇನ್ನೂ ಹೆಚ್ಚು ಬೆಳೆದಿರಲಿಲ್ಲ, ಅಷ್ಟರಲ್ಲೇ ತಿರುವು ಬಂದುಬಿಟ್ಟಿತು.

ಮಾವ ಕತ್ತು ತಿರುಗಿಸಿ ಹಿಂದೆ ನೋಡಿದರು. ಮನೆಯ ಬಾಗಿಲು, ಬಾಗಿಲಲ್ಲಿ ನಿಂತಿದ್ದ ಅತ್ತೆ, ಅತ್ತೆಯ ಸೆರಗಿನ ಬಣ್ಣ ಎಲ್ಲ ಅಲ್ಲಿಂದಲೇ ಕಾಣುತ್ತಿತ್ತು.

"ಇಷ್ಟೇ ದೂರಾನಾ ಅಮ್ಮ?" ಎಂದರು ಮಾವ.